ಕೌಲಾಲಂಪುರದಲ್ಲಿ ತಂಗುವುದೆಲ್ಲಿ?

ವಿದೇಶ ಪ್ರವಾಸದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, "ಟಿಕೆಟಿಗೆ ಎಷ್ಟಾಗುತ್ತದೆ?" ಎಂಬುದು. ಎರಡನೆಯದು, "ಅಲ್ಲಿ ಏನೇನು ನೋಡಲಿಕ್ಕಿದೆ?" "ಎಲ್ಲಿ ತಂಗುವುದು?" ಎಂಬ ಪ್ರಶ್ನೆ ಬರುವುದು ಎಲ್ಲಕ್ಕಿಂತ ಕೊನೆಗೆ. ಹೆಚ್ಚಾಗಿ ಅದನ್ನು ಮನೆಯ ಗಂಡಸರೋ ಟ್ರಾವೆಲ್ ಏಜೆನ್ಸಿಯವರೋ ತೀರ್ಮಾನಿಸಿ ಬಿಟ್ಟಿರುತ್ತಾರೆ. ಆದರೆ ಆ ಕೋಣೆಯಲ್ಲಿ ಮಗುವಿನ ಹಾಲು ಬಿಸಿ ಮಾಡಬೇಕಾದವಳು, ವಯಸ್ಸಾದ ಅತ್ತೆಯನ್ನು ಕೈಹಿಡಿದು ಸ್ನಾನದ ಮನೆಗೆ ಕರೆದೊಯ್ಯಬೇಕಾದವಳು, ಮಕ್ಕಳ ಒದ್ದೆ ಬಟ್ಟೆಗೆ ಜಾಗ ಹುಡುಕಬೇಕಾದವಳು ಹೆಣ್ಣು. ಆದ್ದರಿಂದ ಸಹೋದರಿಯರೇ, ತಂಗುವ ಜಾಗದ ಬಗ್ಗೆ ಈ ನಾಲ್ಕು ಮಾತುಗಳನ್ನು ನಿಮ್ಮೊಂದಿಗೇ ಹಂಚಿಕೊಳ್ಳುತ್ತಿದ್ದೇನೆ.

ಭೂಮಿಯಲ್ಲಿ ಸಂಚರಿಸಿ ನೋಡಬೇಕೆಂದು ಪವಿತ್ರ ಕುರ್‌ಆನ್ ಹಲವು ಕಡೆ ಪ್ರೇರೇಪಿಸುತ್ತದೆ. ಅದರೊಂದಿಗೆ, ಪ್ರಯಾಣವು ಮನುಷ್ಯನ ಊಟ, ನೀರು, ನಿದ್ದೆಗಳನ್ನು ಕಸಿದುಕೊಳ್ಳುವ ಒಂದು ಬಗೆಯ ಕಷ್ಟವೆಂದು ಪ್ರವಾದಿ(ಸ) ತಿಳಿಸಿಕೊಟ್ಟಿದ್ದಾರೆ. ಒಳ್ಳೆಯ ತಂಗುದಾಣ ಆ ಮೂರನ್ನೂ ಪ್ರಯಾಣಿಕನಿಗೆ ಮರಳಿ ಕೊಡುತ್ತದೆ. ಅರಬರಲ್ಲಿ ಒಂದು ಗಾದೆ ಇದೆ: ಮನೆಗೆ ಮೊದಲು ನೆರೆಯನ್ನು ನೋಡು, ದಾರಿಗೆ ಮೊದಲು ಜೊತೆಗಾರನನ್ನು ನೋಡು. ಮನೆ ಕೊಳ್ಳುವವರಿಗೆ ಹೇಳಿದ ಮಾತಾದರೂ ನಾಲ್ಕು ದಿನ ಹೋಟೆಲಿನಲ್ಲಿ ತಂಗುವವರಿಗೂ ಇದು ಅನ್ವಯಿಸುತ್ತದೆ.

ಈಗ ನಮ್ಮವರಲ್ಲಿ ಅನೇಕರು ಮಲೇಷ್ಯಾದ ರಾಜಧಾನಿ ಕೌಲಾಲಂಪುರಕ್ಕೆ ಹೋಗುತ್ತಿದ್ದಾರೆ. ಬೆಂಗಳೂರಿನಿಂದ ನೇರ ವಿಮಾನವಿದೆ, ಸುಮಾರು ನಾಲ್ಕು ತಾಸಿನ ಹಾದಿ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ನೀಡಲಾಗುತ್ತಿದ್ದು, ಈ ಸೌಲಭ್ಯವನ್ನು 2026ರ ಕೊನೆಯವರೆಗೆ ವಿಸ್ತರಿಸಲಾಗಿದೆ. ಟಿಕೆಟ್ ಮಾಡುವ ಮುನ್ನ ನಿಯಮವನ್ನು ಮತ್ತೊಮ್ಮೆ ಪರಿಶೀಲಿಸಿರಿ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಅರ್ಜಿಯನ್ನು ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಅದರಲ್ಲಿ ನೀವು ತಂಗುವ ಜಾಗದ ವಿಳಾಸ ಬರೆಯಬೇಕಾಗುತ್ತದೆ. ಆದುದರಿಂದ "ಹೋಗಿ ಇಳಿದ ಮೇಲೆ ನೋಡೋಣ" ಎಂಬುದು ಇಲ್ಲಿ ನಡೆಯದು.

ಮುಸ್ಲಿಮ್ ದೇಶವಲ್ಲವೇ?

"ಮಲೇಷ್ಯಾ ಮುಸ್ಲಿಮ್ ದೇಶವಲ್ಲವೇ? ಅಲ್ಲಿ ಯಾವ ಹೋಟೆಲಾದರೇನು?" ಎಂದು ಕೇಳುವವರಿದ್ದಾರೆ. ಮಲೇಷ್ಯಾದ ಅಧಿಕೃತ ಧರ್ಮ ಇಸ್ಲಾಮ್ ಎಂಬುದು ನಿಜ. 2020ರ ಜನಗಣತಿಯಂತೆ ಅಲ್ಲಿನ ಜನರಲ್ಲಿ ಮುಸ್ಲಿಮರು ಶೇಕಡಾ 63.5. ಆದರೆ ಚೀನೀ ಮೂಲದ ಬೌದ್ಧರು, ತಮಿಳು ಮೂಲದ ಹಿಂದೂಗಳು, ಕ್ರೈಸ್ತರು ಕೂಡಾ ಆ ದೇಶದ ಪ್ರಜೆಗಳೇ. ರಾಜಧಾನಿಯಲ್ಲಂತೂ ಅವರ ಸಂಖ್ಯೆ ದೊಡ್ಡದು. ಅವರವರ ಆಹಾರ, ಆಚಾರ ಅವರವರಿಗೆ. ಒಂದೇ ರಸ್ತೆಯಲ್ಲಿ ಹಲಾಲ್ ಊಟದ ಅಂಗಡಿಯೂ ಹಂದಿಮಾಂಸದ ಅಂಗಡಿಯೂ ಮದ್ಯದಂಗಡಿಯೂ ಇರಬಹುದು. ಎಲ್ಲರೂ ತಮ್ಮ ಪಾಡಿಗೆ ತಾವು ಬಾಳುತ್ತಾರೆ. ಆಯ್ದುಕೊಳ್ಳುವ ಹೊಣೆ ನಮ್ಮದು.

ನಮ್ಮ ಊರಿನ ಒಂದು ಕುಟುಂಬ 2019ರಲ್ಲಿ ಅಲ್ಲಿಗೆ ಹೋಗಿತ್ತು. ಮಗ ಎರಡು ವರ್ಷ ಹಣ ಕೂಡಿಟ್ಟು, ಎಪ್ಪತ್ತು ದಾಟಿದ ತಾಯಿಯನ್ನು ಆಸೆಯಿಂದ ಕರೆದುಕೊಂಡು ಹೋಗಿದ್ದ. ಬಾಡಿಗೆ ಕಡಿಮೆ, ಪೇಟೆ ಹತ್ತಿರ ಎಂದು ಏಜೆಂಟರು ಕೊಡಿಸಿದ ಕೋಣೆ ಅದು. ಕೆಳಗಿನ ಮಹಡಿಯಲ್ಲೇ ಬಾರ್. ರಾತ್ರಿ ಎರಡು ಗಂಟೆಯವರೆಗೆ ಸಂಗೀತದ ಅಬ್ಬರ. ಹೊರಗೆ ಹೋಗಬೇಕಾದರೆ ಬಾರಿನ ಮುಂದೆಯೇ ಹಾದು ಹೋಗಬೇಕು. ಆ ತಾಯಿ ಮೂರು ದಿನ ಕೋಣೆ ಬಿಟ್ಟು ಹೊರಬರಲಿಲ್ಲ, ಊರಿನಿಂದ ಒಯ್ದ ಬಿಸ್ಕತ್ತು ಮತ್ತು ಅವಲಕ್ಕಿಯಲ್ಲೇ ದಿನ ಕಳೆದರು. ಮರಳಿ ಬಂದ ಮೇಲೆ ನಾನು ಅವರ ಮನೆಗೆ ಹೋಗಿ, "ಏನೆಲ್ಲ ನೋಡಿದಿರಿ ಅಮ್ಮಾ?" ಎಂದು ಕೇಳಿದೆ. "ಕಿಟಕಿಯಿಂದ ರಸ್ತೆ ನೋಡಿದೆ ಮಗಳೇ. ರಾತ್ರಿ ಅದನ್ನೂ ಮುಚ್ಚಿದೆ," ಎಂದರು. ಅವರು ಮಗನನ್ನು ದೂರಲಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದ ಆ ಮಗ ತಲೆ ಎತ್ತಲಿಲ್ಲ.

ಹಣ ಖರ್ಚಾಗಿತ್ತು, ಪ್ರೀತಿಯೂ ಇತ್ತು. ನೆರೆಯನ್ನು ನೋಡಿರಲಿಲ್ಲ, ಅಷ್ಟೇ.

ಯಾವ ಬಡಾವಣೆ?

ಗೊಂಬಾಕ್ ಮತ್ತು ಕ್ಲಾಂಗ್ ಎಂಬ ಎರಡು ನದಿಗಳು ಸೇರುವ ಜಾಗವೇ ಈ ನಗರದ ಹುಟ್ಟೂರು. ಕೌಲಾಲಂಪುರ ಎಂದರೆ ಮಲಯ ಭಾಷೆಯಲ್ಲಿ ಕೆಸರಿನ ಸಂಗಮ ಎಂದರ್ಥ. 19ನೇ ಶತಮಾನದ ನಡುವಿನಲ್ಲಿ ತವರದ ಅದಿರು ಅಗೆಯಲು ಬಂದವರು ಕಟ್ಟಿದ ಊರು ಇದು. ಆ ಸಂಗಮದಲ್ಲೇ 1909ರಲ್ಲಿ ಕಟ್ಟಿದ ಮಸ್ಜಿದ್ ಜಾಮಿಕ್ ನಿಂತಿದೆ. ಅದನ್ನು ರೂಪಿಸಿದ ಹಬ್ಬಾಕ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಭಾರತದ ಮೊಗಲರ ಶೈಲಿಯನ್ನು ಅನುಸರಿಸಿದ್ದರಿಂದ ಅದರ ಗುಮ್ಮಟ, ಕಮಾನುಗಳು ನಮ್ಮ ಕಣ್ಣಿಗೆ ಅಪರಿಚಿತವೆನಿಸುವುದಿಲ್ಲ.

ಇದರ ಸಮೀಪದಲ್ಲೇ ಮಸ್ಜಿದ್ ಇಂಡಿಯಾ ಬಡಾವಣೆ. 1863ರಲ್ಲಿ ಭಾರತದಿಂದ ಹೋದ ಮುಸ್ಲಿಮರು ಅಲ್ಲಿ ಮಸೀದಿ ಕಟ್ಟಿದ್ದರಿಂದ ರಸ್ತೆಗೂ ಅದೇ ಹೆಸರು. ಬಟ್ಟೆ, ಶಿರವಸ್ತ್ರ, ಅತ್ತರು, ಖರ್ಜೂರದ ಅಂಗಡಿಗಳು ಸಾಲುಸಾಲಾಗಿವೆ. ತಮಿಳು ಮುಸ್ಲಿಮರ ಊಟದ ಅಂಗಡಿಗಳಲ್ಲಿ ಪರೋಟದಂತಹ ರೋಟಿ ಚನಾಯ್, ಎತ್ತರದಿಂದ ಸುರಿದು ನೊರೆ ಬರಿಸಿದ ತೆಹ್ ತಾರಿಕ್ ಚಹಾ ಸಿಗುತ್ತದೆ. 'ಮಾಮಾಕ್' ಎಂದು ಕರೆಯುವ ಇಂತಹ ಅಂಗಡಿಗಳಲ್ಲಿ ಅನೇಕವು ರಾತ್ರಿಯಿಡೀ ತೆರೆದಿರುವುದರಿಂದ ರಮಝಾನಿನಲ್ಲಿ ಸಹರಿಗೂ ಚಿಂತೆಯಿಲ್ಲ. ಹೋಟೆಲುಗಳು ಸಾಧಾರಣ ದರ್ಜೆಯವು. ಹಗಲಲ್ಲಿ ಜನಸಂದಣಿ ಹೆಚ್ಚು, ಚೀಲದ ಮೇಲೆ ಗಮನವಿರಲಿ.

ಕಂಪುಂಗ್ ಬಾರು ಎಂದರೆ ಹೊಸ ಹಳ್ಳಿ. ಹೆಸರು ಹೊಸದು, ಊರು ಹಳೆಯದು. 1900ರ ಆಸುಪಾಸಿನಲ್ಲಿ ಮಲಯ ಜನರಿಗಾಗಿ ಮೀಸಲಿಟ್ಟ ಜಾಗ. ಗಗನಚುಂಬಿ ಕಟ್ಟಡಗಳ ಬುಡದಲ್ಲಿ ಮರದ ಮನೆಗಳು, ಬಾಳೆಗಿಡ, ಅಂಗಳದಲ್ಲಿ ಒಣಗುವ ಬಟ್ಟೆ ಕಾಣಸಿಗುತ್ತದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ನಾಸಿ ಲಮಕ್ ಅನ್ನಕ್ಕೆ ಈ ಜಾಗ ಹೆಸರಾಗಿದೆ. ಕರಾವಳಿಯ ನಾಲಗೆಗೆ ಅದು ಒಗ್ಗುತ್ತದೆ. 2020ರಲ್ಲಿ ತೆರೆದ ಸಲೋಮಾ ಸೇತುವೆಯ ಮೇಲೆ ನಡೆದರೆ ಪೆಟ್ರೊನಾಸ್ ಗೋಪುರಗಳ ಕಡೆಗೆ ದಾಟಬಹುದು. ಹೋಟೆಲುಗಳ ಸಂಖ್ಯೆ ಮಾತ್ರ ಕಡಿಮೆ.

88 ಅಂತಸ್ತುಗಳ, 452 ಮೀಟರ್ ಎತ್ತರದ ಆ ಅವಳಿ ಗೋಪುರಗಳಿರುವ ಕೆ.ಎಲ್.ಸಿ.ಸಿ. ಪ್ರದೇಶ ದುಬಾರಿ. ಆದರೆ ಉದ್ಯಾನವನದ ಅಂಚಿನಲ್ಲೇ ಅಶ್ಶಾಕಿರೀನ್ ಮಸೀದಿ ಇದೆ, ಮಕ್ಕಳಿಗೆ ಓಡಾಡಲು ಬಯಲಿದೆ. ಬುಕಿತ್ ಬಿಂತಾಂಗ್ ದೊಡ್ಡ ಮಾಲ್‌ಗಳ ಪೇಟೆ, ಅರಬ್ ಊಟದ ಅಂಗಡಿಗಳೂ ಅಲ್ಲಿವೆ. ಆದರೆ ಅದೇ ಬಡಾವಣೆಯ ಚಂಗ್ಕಾತ್ ರಸ್ತೆ ಬಾರುಗಳಿಗೆ ಹೆಸರುವಾಸಿ. ಅಲೋರ್ ರಸ್ತೆಯ ತಿಂಡಿ ಬೀದಿಯಲ್ಲಿ ಹೆಚ್ಚಿನವು ಚೀನೀ ಅಂಗಡಿಗಳು. ಇಲ್ಲಿ ಕೋಣೆ ಹಿಡಿಯುವವರು ಬಡಾವಣೆಯ ಹೆಸರಿಗೆ ತೃಪ್ತರಾಗದೆ ರಸ್ತೆಯ ಹೆಸರನ್ನೂ ನೋಡಬೇಕು. ಒಂದು ತಿರುವಿನ ಆಚೆ ಈಚೆ ಎಂದರೆ ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ.

ಮಕ್ಕಳು, ವೃದ್ಧರು, ಸೂಟ್‌ಕೇಸುಗಳ ಹೊರೆ ಇರುವವರಿಗೆ ಕೆ.ಎಲ್. ಸೆಂಟ್ರಲ್ ನಿಲ್ದಾಣದ ಸಮೀಪ ಅನುಕೂಲ. ವಿಮಾನ ನಿಲ್ದಾಣ ನಗರದಿಂದ 50 ಕಿ.ಮೀ.ಗಿಂತಲೂ ದೂರವಿದೆ. ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಷ್ಟರಲ್ಲಿ ಇಲ್ಲಿಗೆ ತಲುಪಿಸುತ್ತದೆ. ಇಲ್ಲಿಂದ ಎಲ್.ಆರ್.ಟಿ. ರೈಲಿನಲ್ಲಿ ಎರಡನೆಯ ನಿಲ್ದಾಣ ಮಸ್ಜಿದ್ ಜಾಮಿಕ್, ನಾಲ್ಕನೆಯದು ಕಂಪುಂಗ್ ಬಾರು, ಐದನೆಯದು ಕೆ.ಎಲ್.ಸಿ.ಸಿ. ಆ ಊರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಸುರಿಯುವುದು ಸಾಮಾನ್ಯ. ಮಗುವನ್ನು ಎತ್ತಿಕೊಂಡು ನೆನೆಯುತ್ತಾ ನಡೆಯುವಾಗ ರೈಲು ನಿಲ್ದಾಣ ಹತ್ತಿರವಿರುವುದರ ಬೆಲೆ ತಿಳಿಯುತ್ತದೆ.

ಕೋಣೆಯೊಳಗೆ

ನೆರೆಯನ್ನು ನೋಡಿಯಾಯಿತು. ಇನ್ನು ಕೋಣೆ. ಮಲೇಷ್ಯಾದ ಹೋಟೆಲ್ ಕೋಣೆಗಳಲ್ಲಿ ಛಾವಣಿಯ ಮೇಲೋ ಮೇಜಿನ ಖಾನೆಯೊಳಗೋ 'ಕಿಬ್ಲತ್' ಎಂದು ಬರೆದ ಬಾಣದ ಗುರುತು ಸಾಮಾನ್ಯವಾಗಿ ಇರುತ್ತದೆ. ಅದು ಕಿಬ್ಲಾದ ದಿಕ್ಕು. ಅಲ್ಲಿಂದ ಮಕ್ಕಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದೆ. ಜಾನಮಾಝ್ ಕೇಳಿದರೆ ಕೌಂಟರಿನವರು ತಂದುಕೊಡುವ ಹೋಟೆಲುಗಳು ಬಹಳ. ಶೌಚಾಲಯದಲ್ಲಿ ನೀರಿನ ಪೈಪು ಇರುವುದು ಅಲ್ಲಿ ವಾಡಿಕೆ. ಆದರೂ ವಿದೇಶೀ ಶೈಲಿಯ ಕೆಲವು ಹೋಟೆಲುಗಳಲ್ಲಿ ಇರುವುದಿಲ್ಲ, ಚಿತ್ರ ನೋಡಿ ಅಥವಾ ಕೇಳಿ ತಿಳಿದುಕೊಳ್ಳಿರಿ.

ಅಗ್ಗದ ಕೋಣೆಗಳಲ್ಲಿ ಅನೇಕಕ್ಕೆ ಕಿಟಕಿಯೇ ಇರುವುದಿಲ್ಲ. ಕೋಣೆಯ ವಿವರದಲ್ಲಿ ಅದನ್ನು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಮಂಚದ ಬದಿಯಲ್ಲಿ ಇಬ್ಬರು ಜಾನಮಾಝ್ ಹಾಸುವಷ್ಟು ಜಾಗ ಇದೆಯೇ ಎಂದು ಚದರ ಅಡಿ ನೋಡಿ ಅಂದಾಜಿಸಿರಿ. ಮಂಡಿನೋವಿರುವ ಹಿರಿಯರಿದ್ದರೆ ಲಿಫ್ಟ್ ಇದೆಯೇ, ಸ್ನಾನಕ್ಕೆ ತೊಟ್ಟಿಯೊಳಗೆ ಕಾಲೆತ್ತಿ ಇಳಿಯಬೇಕೇ ಎಂದು ವಿಚಾರಿಸಿರಿ. ಒಂದು ಕೋಣೆಗೆ ಇಬ್ಬರು ದೊಡ್ಡವರು ಎಂಬ ಲೆಕ್ಕ ಹೆಚ್ಚಿನ ಕಡೆ ಇದೆ. ಬೆಳೆದ ಹೆಣ್ಣುಮಕ್ಕಳಿದ್ದರೆ ಒಳಬಾಗಿಲಿನಿಂದ ಕೂಡಿಕೊಂಡ ಎರಡು ಕೋಣೆಗಳು ಲೇಸು. ಫ್ರಿಜ್‌ನಲ್ಲಿ ಮದ್ಯವಿದ್ದರೆ ತೆಗೆಸಿಬಿಡಬಹುದು. ಶುಚಿಗೊಳಿಸಲು ಮಹಿಳಾ ಸಿಬ್ಬಂದಿಯನ್ನು ಕಳುಹಿಸಿರೆಂದೂ ಕೇಳಿಕೊಳ್ಳಬಹುದು. ಈಜುಕೊಳದ ಆಸೆಯಿದ್ದವರು ಮಹಿಳೆಯರಿಗೆ ಬೇರೆ ಸಮಯವಿದೆಯೇ ಎಂದು ಕೇಳಿರಿ. ಹೆಚ್ಚಿನ ಹೋಟೆಲುಗಳಲ್ಲಿ ಇರುವುದಿಲ್ಲ. ಅಂದಹಾಗೆ, ಡೂರಿಯನ್ ಹಣ್ಣನ್ನು ಕೋಣೆಗೆ ತರಬಾರದು ಎಂಬ ಫಲಕ ಎಲ್ಲೆಡೆ ಇದೆ. ಅದರ ವಾಸನೆ ಹಾಗಿದೆ! ರುಚಿ ನೋಡುವುದಿದ್ದರೆ ಅಂಗಡಿಯ ಮುಂದೆಯೇ ನೋಡಿರಿ.

ಸಣ್ಣ ಮಕ್ಕಳಿರುವ ದೊಡ್ಡ ಕುಟುಂಬಕ್ಕೆ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುವ ಬಾಡಿಗೆ ಫ್ಲಾಟುಗಳೂ ಸಿಗುತ್ತವೆ. ಗಂಜಿ ಬೇಯಿಸಿಕೊಳ್ಳಬಹುದು. ಆದರೆ ಹಿಂದಿನವರು ಆ ಪಾತ್ರೆಗಳಲ್ಲಿ ಏನು ಬೇಯಿಸಿದ್ದರೋ ತಿಳಿಯದು. ಚೆನ್ನಾಗಿ ತೊಳೆದು ಬಳಸಬೇಕು, ಅಥವಾ ಒಂದು ಚಿಕ್ಕ ಪಾತ್ರೆ ಒಯ್ದರೆ ಮನಸ್ಸಿಗೆ ನೆಮ್ಮದಿ. ಅಲ್ಲಿನ ಪ್ಲಗ್ ಮೂರು ಚಪ್ಪಟೆ ಕಡ್ಡಿಗಳದ್ದು, ನಮ್ಮದು ಹೊಂದುವುದಿಲ್ಲ. ಅಡಾಪ್ಟರ್ ಮರೆಯಬೇಡಿರಿ.

ಹಂದಿ ಇಲ್ಲ ಎಂದರೆ ಹಲಾಲ್ ಅಲ್ಲ

ಬೆಳಗ್ಗಿನ ಉಪಾಹಾರ ಬಾಡಿಗೆಯಲ್ಲೇ ಸೇರಿರುವ ಹೋಟೆಲುಗಳಲ್ಲಿ ಈ ವಿಷಯ ಮುಖ್ಯ. 'ಪೋರ್ಕ್ ಫ್ರೀ' ಅಥವಾ 'ನೋ ಪೋರ್ಕ್, ನೋ ಲಾರ್ಡ್' ಎಂಬ ಫಲಕ ಕಂಡೊಡನೆ ಸಮಾಧಾನಗೊಳ್ಳಬೇಡಿರಿ. ಹಂದಿಮಾಂಸ, ಹಂದಿಕೊಬ್ಬು ಇಲ್ಲ ಎಂಬಷ್ಟೇ ಅದರ ಅರ್ಥ. ಕೋಳಿ ಹೇಗೆ ಕೊಯ್ದದ್ದು, ಅಡುಗೆಗೆ ಮದ್ಯ ಬಳಸಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ. ಮಲೇಷ್ಯಾದಲ್ಲಿ ಹಲಾಲ್ ಪ್ರಮಾಣಪತ್ರ ಕೊಡುವ ಅಧಿಕಾರ 'ಜಾಕಿಮ್' ಎಂಬ ಸರಕಾರಿ ಇಸ್ಲಾಮೀ ಅಭಿವೃದ್ಧಿ ಇಲಾಖೆಗೆ ಮತ್ತು ರಾಜ್ಯಗಳ ಧಾರ್ಮಿಕ ಮಂಡಳಿಗಳಿಗೆ ಮಾತ್ರ ಇದೆ. 2011ರ ಆದೇಶದಿಂದ ಅದು ಕಾನೂನಾಗಿದೆ. ಪ್ರಮಾಣಪತ್ರದಲ್ಲಿ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ.

ಇನ್ನೊಂದು ಸೂಕ್ಷ್ಮ: ಹೋಟೆಲಿಗೆ ಒಟ್ಟಾಗಿ ಹಲಾಲ್ ಪತ್ರ ಸಿಗುವುದಲ್ಲ, ಒಂದೊಂದು ಅಡುಗೆಮನೆಗೆ ಬೇರೆ ಬೇರೆಯಾಗಿ ಸಿಗುತ್ತದೆ. ನಾಲ್ಕು ಊಟದ ಕೋಣೆಗಳಿರುವ ದೊಡ್ಡ ಹೋಟೆಲಿನಲ್ಲಿ ಎರಡಕ್ಕೆ ಮಾತ್ರ ಪತ್ರವಿರಬಹುದು. ಆದ್ದರಿಂದ "ನಿಮ್ಮದು ಹಲಾಲ್ ಹೋಟೆಲೇ?" ಎಂದು ಕೇಳುವ ಬದಲು, "ಬೆಳಗ್ಗಿನ ಉಪಾಹಾರ ತಯಾರಿಸುವ ಅಡುಗೆಮನೆಗೆ ಜಾಕಿಮ್ ಪತ್ರ ಇದೆಯೇ?" ಎಂದು ಕೇಳಿರಿ. 2024ರ ಬೇಸಗೆ ರಜೆಯಲ್ಲಿ ನಾವು ಹೋಗುವ ಮುನ್ನ ಮೂರು ಹೋಟೆಲುಗಳಿಗೆ ಹೀಗೆ ಇ-ಮೇಲ್ ಬರೆದಿದ್ದೆವು. ಒಂದು ಹೋಟೆಲಿನವರು ಪತ್ರದ ಪ್ರತಿಯನ್ನೇ ಕಳುಹಿಸಿದರು. ಇನ್ನೊಂದರವರು, ತಮ್ಮಲ್ಲಿ ಹಂದಿಮಾಂಸವಿಲ್ಲ, ಆದರೆ ಮದ್ಯ ಬಡಿಸುವುದರಿಂದ ಪತ್ರವಿಲ್ಲ ಎಂದು ಪ್ರಾಮಾಣಿಕವಾಗಿ ತಿಳಿಸಿದರು. ಮೂರನೆಯವರಿಂದ ಉತ್ತರವೇ ಇಲ್ಲ. ನಾವು ಮೊದಲನೆಯದನ್ನು ಆರಿಸಿದೆವು. ಒಂದು ಪತ್ರ ಬರೆಯಲು ಐದು ನಿಮಿಷ ಸಾಕು.

ಹಣದ ಲೆಕ್ಕ

ಕಂಪ್ಯೂಟರಿನಲ್ಲಿ ಕಂಡ ಬಾಡಿಗೆಯೇ ಕೊನೆಯ ಬಾಡಿಗೆ ಎಂದು ತಿಳಿಯಬಾರದು. ವಿದೇಶೀಯರು ಪ್ರತಿ ಕೋಣೆಗೆ ಪ್ರತಿ ರಾತ್ರಿ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಕೊಡಬೇಕು. 2017ರ ಸೆಪ್ಟೆಂಬರಿನಿಂದ ಇದು ಜಾರಿಯಲ್ಲಿದೆ. ಎರಡು ಕೋಣೆ, ಐದು ರಾತ್ರಿ ಎಂದರೆ 100 ರಿಂಗಿಟ್ ಆಯಿತು. ಇದನ್ನು ಅನೇಕ ಕಡೆ ಕೌಂಟರಿನಲ್ಲೇ ಕೇಳುತ್ತಾರೆ. ಸೇವಾ ತೆರಿಗೆ 2024ರ ಮಾರ್ಚ್‌ನಿಂದ ಶೇಕಡಾ 8 ಆಗಿದೆ. ದರದ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ತೆರಿಗೆ ಮತ್ತು ಹೋಟೆಲಿನ ಸೇವಾಶುಲ್ಕ ಬೇರೆ ಎಂದರ್ಥ. ಒಳಗೆ ಹೋಗುವಾಗ ಮುಂಗಡ ಠೇವಣಿ ಪಡೆದು ಹೊರಡುವಾಗ ಮರಳಿಸುವ ಕ್ರಮವೂ ಇದೆ, ರಸೀದಿ ಜೋಪಾನವಾಗಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಪ್ರವಾಸಕ್ಕೂ ಸಲ್ಲುತ್ತದೆ. ದುಂದುವೆಚ್ಚವನ್ನು ಅಲ್ಲಾಹನು ಮೆಚ್ಚುವುದಿಲ್ಲ. ಗೋಪುರ ಕಾಣುವ ಕಿಟಕಿಗೆ ಕೊಡುವ ಹೆಚ್ಚಿನ ಹಣ, ನಿದ್ದೆಯಲ್ಲಿ ಕಳೆಯುವ ರಾತ್ರಿಗೆ ಕೊಟ್ಟ ಹಣ. ಅದೇ ಗೋಪುರವನ್ನು ಉದ್ಯಾನವನದಲ್ಲಿ ಕುಳಿತು ಕಾಸು ಕೊಡದೆ ನೋಡಬಹುದು. ಹಾಗೆಂದು ಹಿರಿಯರ ಸೌಕರ್ಯದಲ್ಲಿ ಕಾಸು ಉಳಿಸುವುದೂ ಸರಿಯಲ್ಲ. ತಾಯಿಯ ಮಂಡಿಗಾಗಿ ಲಿಫ್ಟ್ ಇರುವ ಹೋಟೆಲಿಗೆ ತುಸು ಹೆಚ್ಚು ಕೊಟ್ಟರೆ ಅದು ದುಂದಲ್ಲ.

ನಮಾಝಿನ ಅನುಕೂಲ

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಭೂಮಧ್ಯರೇಖೆಗೆ ಹತ್ತಿರವಾದುದರಿಂದ ನಮಾಝಿನ ವೇಳೆಯಲ್ಲಿ ವರ್ಷವಿಡೀ ಹೆಚ್ಚು ವ್ಯತ್ಯಾಸವಿಲ್ಲ. ಸುಬ್‌ಹ್ ಬೆಳಗ್ಗೆ ಆರರ ಆಸುಪಾಸು, ಸೂರ್ಯೋದಯ ಏಳರ ಹೊತ್ತಿಗೆ, ಮಗ್ರಿಬ್ ಸಂಜೆ ಏಳು ದಾಟಿದ ಮೇಲೆ. ಮಾಲ್‌ಗಳಲ್ಲಿ, ನಿಲ್ದಾಣಗಳಲ್ಲಿ 'ಸುರಾವ್' ಎಂಬ ನಮಾಝ್ ಕೋಣೆಗಳಿವೆ. 'ಪೆರೆಂಪುವಾನ್' ಎಂದು ಬರೆದ ಬಾಗಿಲು ಮಹಿಳೆಯರಿಗೆ. ಒಳಗೆ ವುಝೂವಿನ ಜಾಗ, ತೊಟ್ಟುಕೊಳ್ಳಲು 'ತೆಲೆಕುಂಗ್' ಎಂಬ ನಮಾಝ್ ಉಡುಪು ಇರುತ್ತದೆ. ಅದನ್ನು ಹಲವರು ಬಳಸುವುದರಿಂದ ನಿಮ್ಮದೇ ಒಂದು ಚೀಲದಲ್ಲಿದ್ದರೆ ಒಳ್ಳೆಯದು. 1965ರಲ್ಲಿ ತೆರೆದ ರಾಷ್ಟ್ರೀಯ ಮಸೀದಿಯಲ್ಲಿ 15,000 ಮಂದಿಗೆ ಸ್ಥಳವಿದೆ. ಅದರ ಹತ್ತಿರದ ಇಸ್ಲಾಮೀ ಕಲಾ ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಲು ಮರೆಯದಿರಿ.

ಮಲೇಷ್ಯಾದವರು ಶಾಫಿಈ ಮದ್‌ಹಬಿನವರು. ನಮ್ಮ ಕರಾವಳಿಯ ಬ್ಯಾರಿಗಳಿಗೂ ಭಟ್ಕಳದ ನವಾಯತರಿಗೂ ಸುಬ್‌ಹ್‌ನ ಕುನೂತ್ ಕೇಳುವಾಗ ಊರಿನ ಮಸೀದಿಯಲ್ಲೇ ಇದ್ದಂತಾಗುತ್ತದೆ. ಎಷ್ಟು ದಿನ ತಂಗುತ್ತೀರಿ ಎಂಬುದರ ಮೇಲೆ ಕಸ್ರ್ ನಮಾಝಿನ ವಿಧಿ ನಿಂತಿದೆ. ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ಒಂದೇ ಊರಿನಲ್ಲಿ ತಂಗುವ ನಿಶ್ಚಯವಿದ್ದರೆ ಶಾಫಿಈಗಳು ಪೂರ್ಣ ನಮಾಝ್ ನಿರ್ವಹಿಸಬೇಕು. ಹನಫಿಗಳಿಗೆ ಆ ಮಿತಿ 15 ದಿನ. ಶಾಫಿಈಗಳಿಗೆ ಪ್ರಯಾಣದಲ್ಲಿ ಎರಡು ನಮಾಝ್‌ಗಳನ್ನು ಜಮ್ಅ್ ಮಾಡುವ ರಿಯಾಯಿತಿಯೂ ಇದೆ. ಹೊರಡುವ ಮುನ್ನ ನಿಮ್ಮ ಊರಿನ ಉಲಮಾರೊಂದಿಗೆ ಒಮ್ಮೆ ಮಾತಾಡಿರಿ. ಹೋಟೆಲಿನ ದಿನಗಳನ್ನು ಲೆಕ್ಕ ಹಾಕುವಾಗಲೇ ಇದನ್ನೂ ಲೆಕ್ಕ ಹಾಕಿಟ್ಟರೆ ಅಲ್ಲಿ ಗೊಂದಲವಿಲ್ಲ.

ಎಲ್ಲರೂ ಕುಳಿತು ಆರಿಸಿರಿ

ಸಹೋದರಿಯರೇ, ಕೊನೆಯ ಮಾತು. ಹಣ ಕಟ್ಟುವ ಮುನ್ನ ಒಂದು ಸಂಜೆ ಮನೆಯವರೆಲ್ಲರೂ ಒಟ್ಟಿಗೆ ಕುಳಿತುಕೊಳ್ಳಿರಿ. ಪರಸ್ಪರ ಸಮಾಲೋಚಿಸುವುದು ನಮ್ಮ ಧರ್ಮ ಕಲಿಸಿದ ರೀತಿ. ಹಿರಿಯರನ್ನು ಕೇಳಿರಿ. "ನಮಗೇನು ಗೊತ್ತು, ನೀವೇ ನೋಡಿ," ಎಂದು ಅವರು ಹೇಳಿಯೇ ಹೇಳುತ್ತಾರೆ. ಎರಡನೆಯ ಸಲ ಕೇಳಿರಿ. ನಾವು ಕೇಳಿದಾಗ ನಮ್ಮ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡ ಕಟ್ಟಡ ಕಾಣದಿದ್ದರೂ ಪರವಾಗಿಲ್ಲ, ಬಾಂಗ್ ಕೇಳಬೇಕು," ಎಂದರು. ಆ ಒಂದು ಮಾತಿನಿಂದ ಬಡಾವಣೆ ತೀರ್ಮಾನವಾಯಿತು, ಮಸ್ಜಿದ್ ಇಂಡಿಯಾ. ಮೂರನೆಯ ದಿನ ಅಸರ್ ಮುಗಿಸಿ ಅವರು ಮಸೀದಿಯ ಜಗಲಿಯಲ್ಲಿ ಮಲಯ ಅಜ್ಜಿಯೊಬ್ಬರ ಪಕ್ಕ ಕುಳಿತಿದ್ದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಸಲಾಮ್ ಆದ ಮೇಲೆ ಇಬ್ಬರೂ ಬೆರಳೆಣಿಸಿ ತಮ್ಮ ಮೊಮ್ಮಕ್ಕಳ ಲೆಕ್ಕ ಕೊಡುತ್ತಿದ್ದರು.

ನಿಮ್ಮ ಮನೆಯಲ್ಲಿ ಆ ಮಾತು ಬೇರೆಯೇ ಇರಬಹುದು. ಒಬ್ಬರಿಗೆ ಅಡುಗೆಮನೆ, ಇನ್ನೊಬ್ಬರಿಗೆ ಕಿಟಕಿ, ಮಗಳಿಗೆ ಬಾಗಿಲು ಮುಚ್ಚಿ ಕುಳಿತುಕೊಳ್ಳುವಷ್ಟು ಖಾಸಗಿ ಜಾಗ. ಎಲ್ಲವೂ ಒಂದೇ ಕೋಣೆಯಲ್ಲಿ ಸಿಗಲಾರದು. ಆದರೆ ಕೇಳಿ ತಿಳಿದುಕೊಂಡರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಸ್ಪಷ್ಟವಾಗುತ್ತದೆ. ನಿಮ್ಮ ಪ್ರಯಾಣವನ್ನು ಅಲ್ಲಾಹನು ಸುಗಮಗೊಳಿಸಲಿ, ಮನೆಯವರೆಲ್ಲರನ್ನೂ ಕ್ಷೇಮವಾಗಿ ಮರಳಿಸಲಿ.